ಚಿಕ್ಕ ಹುಲ್ಲಿನ ಜಾಗಕ್ಕೆ ಎಷ್ಟು ದೊಡ್ಡ ಬ್ಯಾಟರಿ ಯಂತ್ರ ಬೇಕು?

ಪ್ರಶ್ನೆ: ಮನೆ ಮುಂದೆ 20 ಅಡಿ ಉದ್ದ, 20 ಅಡಿ ಅಗಲದ ಹುಲ್ಲಿನ ಜಾಗ ಇದೆ. ಗೋಡೆಯ ಪಕ್ಕ ಎರಡಡಿಯ ಒಂದು ಪಟ್ಟಿ, ನಡುವೆ ಎರಡು ಮರ. ಹುಲ್ಲು ಕತ್ತರಿಸಲು ಇಷ್ಟು ದಿನ ವೈರ್ ಇರುವ ಯಂತ್ರ ಬಳಸಿದೆ. ವೈರ್ ಎಳೆದಾಡಿ ಸಾಕಾಗಿದೆ. ಬ್ಯಾಟರಿಯದು ಕೊಳ್ಳೋಣ ಎಂದರೆ ಒಬ್ಬರು ಕೈಯಲ್ಲಿ ಹಿಡಿದು ಕತ್ತರಿಸುವ 18 ವೋಲ್ಟಿನ ಟ್ರಿಮ್ಮರ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಚಕ್ರದ ಮೇಲೆ ತಳ್ಳುವ 40 ವೋಲ್ಟಿನ ಮೋವರೇ ಬೇಕು, ಅದಕ್ಕೆ ಎರಡರಷ್ಟು ಶಕ್ತಿ ಇರುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ವೋಲ್ಟಿನ ಗೊಂದಲ ಬಿಡಿಸೋಣ. ಜನ ದುಡ್ಡು ಜಾಸ್ತಿ ಕೊಡುವುದು ಅಲ್ಲೇ.

ಈ ಯಂತ್ರಗಳ ಬ್ಯಾಟರಿ ಪ್ಯಾಕ್ ಒಳಗೆ ಹೆಬ್ಬೆರಳಿನ ಗಾತ್ರದ ಲಿಥಿಯಂ-ಅಯಾನ್ ಸೆಲ್‌ಗಳು ಇರುತ್ತವೆ. ಒಂದು ಸೆಲ್ ಅಂದರೆ ಸಾಮಾನ್ಯವಾಗಿ 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಅದು 4.2ರವರೆಗೆ ಏರುತ್ತದೆ. ಐದು ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ 18 ವೋಲ್ಟ್. ಅವೇ ಐದು ಸೆಲ್ ಚಾರ್ಜ್ ತುಂಬಿದಾಗ 20-21 ವೋಲ್ಟ್. ಹಾಗಾಗಿ ಒಂದು ಪೆಟ್ಟಿಗೆಯ ಮೇಲೆ 18 ಎಂದಿರುತ್ತದೆ, ಇನ್ನೊಂದರ ಮೇಲೆ '20 ವೋಲ್ಟ್ ಮ್ಯಾಕ್ಸ್' ಎಂದಿರುತ್ತದೆ. ಎರಡೂ ಒಂದೇ. 36 ಮತ್ತು 40ರ ನಡುವೆಯೂ ಅಷ್ಟೇ ಸಂಬಂಧ.

ಈಗ 18 ವೋಲ್ಟ್, 4 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಪ್ಯಾಕ್ ಒಂದನ್ನು ತೆಗೆದುಕೊಳ್ಳಿ. ಪಕ್ಕದಲ್ಲಿ 36 ವೋಲ್ಟ್, 2 ಆಂಪಿಯರ್-ಅವರ್ ಪ್ಯಾಕ್ ಇಡಿ. ಸಾಮಾನ್ಯವಾಗಿ ಸಿಗುವ 2 ಆಂಪಿಯರ್-ಅವರ್ ಸೆಲ್‌ಗಳಿಂದ ಮಾಡಿದ್ದರೆ ಎರಡರ ಒಳಗೂ ಹತ್ತೇ ಸೆಲ್. ಜೋಡಿಸಿದ ರೀತಿ ಮಾತ್ರ ಬೇರೆ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಿ. ಎರಡಕ್ಕೂ 72 ವ್ಯಾಟ್-ಅವರ್ ಬರುತ್ತದೆ. ಒಳಗೆ ತುಂಬಿರುವ ಶಕ್ತಿ ಇದು. ಯಂತ್ರ ಎಷ್ಟು ಹೊತ್ತು ಓಡುತ್ತದೆ ಎನ್ನುವುದನ್ನು ತೀರ್ಮಾನಿಸುವುದೂ ಇದೇ ಸಂಖ್ಯೆ. ಹೆಚ್ಚಿನ ಪ್ಯಾಕ್‌ಗಳ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಹುಡುಕಿ ಓದಿ. ಜಾಸ್ತಿ ವೋಲ್ಟಿಗೆ ಅದರದೇ ಉಪಯೋಗ ಇದೆ. ಅಷ್ಟೇ ಕೆಲಸಕ್ಕೆ ಕಡಿಮೆ ಕರೆಂಟ್ ಹರಿಯುತ್ತದೆ, ಬಿಸಿ ಕಡಿಮೆ. ದೊಡ್ಡ ಮೋವರ್‌ಗಳಿಗೆ, ದಪ್ಪ ಹುಲ್ಲಿಗೆ ಅದು ಬೇಕು. ನಿಮ್ಮ ಜಾಗಕ್ಕೆ ಬೇಕಾ?

ಲೆಕ್ಕ ಹಾಕೋಣ. ಚಿಕ್ಕ ಮೋವರ್‌ನ ಬ್ಲೇಡ್ ಅಗಲ ಸುಮಾರು 33 ಸೆಂಟಿಮೀಟರ್, ಅಂದರೆ 13 ಇಂಚು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಬೀಳಲೇಬೇಕು. ಹಾಗಾಗಿ ಒಂದು ಸಾಲಿಗೆ ಒಂದು ಅಡಿ ಎಂದುಕೊಳ್ಳಿ. 20 ಅಡಿಯ 20 ಸಾಲು, ಒಟ್ಟು 400 ಅಡಿ ನಡಿಗೆ. ನಿಧಾನವಾಗಿ ನಡೆದು, ಪ್ರತಿ ಕೊನೆಯಲ್ಲೂ ತಿರುಗಿಸಿಕೊಂಡು, ಮರ ಬಳಸಿಕೊಂಡು ಬಂದರೂ ಹತ್ತು ನಿಮಿಷ ಆಗುವುದಿಲ್ಲ. ಆ ಹತ್ತು ನಿಮಿಷವೂ ಯಂತ್ರ 400 ವ್ಯಾಟ್ ಎಳೆಯಿತು ಎಂದುಕೊಂಡರೂ ಖರ್ಚಾಗುವುದು 67 ವ್ಯಾಟ್-ಅವರ್. ನಾವು ಈಗಷ್ಟೇ ನೋಡಿದ 72ರ ಪ್ಯಾಕ್ ಸಾಕಾಯಿತು, ಅಲ್ವಾ? ಒಂದು ಗಂಟೆ ಓಡುವ ಬ್ಯಾಟರಿಗೆ ದುಡ್ಡು ಹಾಕಿ, ಅದರ ಭಾರವನ್ನು ಸುಮ್ನೆ ತಳ್ಳಿಕೊಂಡು ಹೋಗುವ ಅಗತ್ಯ ನಿಮಗಿಲ್ಲ.

ಆದರೆ ಈ ಲೆಕ್ಕ ನಿಲ್ಲುವುದು ಒಂದು ಷರತ್ತಿನ ಮೇಲೆ. ಹುಲ್ಲನ್ನು ಬೆಳೆಯಲು ಬಿಟ್ಟು ಆಮೇಲೆ ಕತ್ತರಿಸಬಾರದು. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. 5 ಸೆಂಟಿಮೀಟರ್ ಉಳಿಯಬೇಕು ಎಂದಿದ್ದರೆ 7.5ಕ್ಕೆ ಬಂದಾಗಲೇ ಕತ್ತರಿಸಿ. ಹುಲ್ಲು ಆಹಾರ ಮಾಡಿಕೊಳ್ಳುವುದು ಎಲೆಯಲ್ಲಿ. ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದರೆ ಬೇರು ಸೊರಗುತ್ತದೆ, ನಡುವೆ ಕಳೆ ಏಳುತ್ತದೆ. ಮೊಣಕಾಲೆತ್ತರದ ಹುಲ್ಲಿಗೆ ಚಿಕ್ಕ ಯಂತ್ರ ಹಾಕಿದರೆ ಮೋಟರ್ ಬಿಸಿಯಾಗಿ ನಿಲ್ಲುತ್ತದೆ. ಆಗ ಎಲ್ಲರೂ 'ಬ್ಯಾಟರಿಯದರಲ್ಲಿ ಶಕ್ತಿ ಇಲ್ಲ' ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ದೊಡ್ಡ ಯಂತ್ರ ಕೊಂಡವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ದೊಡ್ಡ ಯಂತ್ರ ಅಲ್ಲ, ವಾರಕ್ಕೊಮ್ಮೆ ಹತ್ತು ನಿಮಿಷ.

ಇನ್ನು ಟ್ರಿಮ್ಮರಾ, ಮೋವರಾ? ಟ್ರಿಮ್ಮರ್ ಅಂದರೆ ಉದ್ದ ಕೋಲಿನ ತುದಿಯಲ್ಲಿ ನೈಲಾನ್ ದಾರ ಗಿರಗಿರ ತಿರುಗುವ ಯಂತ್ರ. ಗೋಡೆಯ ಅಂಚು, ಕಲ್ಲಿನ ಸಂದಿ, ಏರುತಗ್ಗು, ಎಲ್ಲ ಕಡೆಗೂ ಹೋಗುತ್ತದೆ. ಅದರಿಂದ ಆಗದ್ದು ಒಂದೇ. ಎತ್ತರ ಸಮ ಬರುವುದಿಲ್ಲ. ಕೈಯಲ್ಲಿ ಹಿಡಿದ ಕೋಲು ಒಂದು ಇಂಚು ಕೆಳಗಿಳಿದರೂ ಅಲ್ಲಿ ಮಣ್ಣು ಕಾಣುತ್ತದೆ. ಮೋವರ್ ಚಕ್ರದ ಮೇಲೆ ಓಡುವುದರಿಂದ ಎಲ್ಲ ಕಡೆ ಒಂದೇ ಎತ್ತರ ಬಿಡುತ್ತದೆ. ಆದರೆ ಗೋಡೆಯ ಬುಡದಲ್ಲಿ ಒಂದೆರಡು ಇಂಚಿನ ಅಂಚು ಉಳಿದೇ ಉಳಿಯುತ್ತದೆ.

ನಿಮ್ಮ ಜಾಗಕ್ಕೆ ಎರಡೂ ಬೇಕಾಗಬಹುದು. ಆದರೆ ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲು 18 ವೋಲ್ಟಿನ ಟ್ರಿಮ್ಮರ್, 4 ಆಂಪಿಯರ್-ಅವರ್ ಬ್ಯಾಟರಿ, ಚಾರ್ಜರ್ ಕೊಳ್ಳಿ. ಅದೇ ಬ್ಯಾಟರಿ ಕೂರುವ 18 ವೋಲ್ಟಿನ ಚಿಕ್ಕ ಮೋವರ್ ಆ ಕಂಪನಿಯಲ್ಲಿ ಇದೆಯಾ ಎಂದು ಮೊದಲೇ ನೋಡಿಕೊಂಡಿರಿ. ಒಂದೆರಡು ತಿಂಗಳು ಟ್ರಿಮ್ಮರ್‌ನಲ್ಲೇ ಪೂರ್ತಿ ಜಾಗ ಕತ್ತರಿಸಿ. ಸ್ವಲ್ಪ ಏರುಪೇರು ಕಂಡರೂ ಬೇಸರ ಆಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಸಮನಾದ ಹಾಸು ಬೇಕೇ ಬೇಕು ಅನ್ನಿಸಿದರೆ ಬ್ಯಾಟರಿ ಇಲ್ಲದ ಬರೀ ಮೋವರ್ ಕೊಳ್ಳಿ. ಬ್ಯಾಟರಿ ಮತ್ತು ಚಾರ್ಜರ್ ದುಡ್ಡು ಎರಡನೇ ಸಲ ಕೊಡಬೇಕಾಗಿಲ್ಲ. ಅದಕ್ಕೇ ಹೇಳುವುದು, ಕೊಳ್ಳುವಾಗ ಒಂದು ಯಂತ್ರ ಆರಿಸುತ್ತಿದ್ದೀರಿ ಎಂದುಕೊಳ್ಳಬೇಡಿ. ಮುಂದಿನ ಹಲವು ವರ್ಷಕ್ಕೆ ಒಂದು ಬ್ಯಾಟರಿಯ ಕುಟುಂಬ ಆರಿಸುತ್ತಿದ್ದೀರಿ.

ಸಿಕ್ಕರೆ ಬ್ರಷ್‌ಲೆಸ್ ಮೋಟರ್ ಇರುವುದನ್ನೇ ಆರಿಸಿ. ಹಳೆಯ ರೀತಿಯ ಮೋಟರ್‌ನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ಕಾರ್ಬನ್ ಬ್ರಷ್‌ಗಳು ಉಜ್ಜಿ ಸವೆಯುತ್ತವೆ, ಆ ಉಜ್ಜಾಟದಲ್ಲೇ ಸ್ವಲ್ಪ ಶಕ್ತಿ ಹಾಳು. ಬ್ರಷ್‌ಲೆಸ್‌ನಲ್ಲಿ ಆ ಕೆಲಸ ಎಲೆಕ್ಟ್ರಾನಿಕ್ಸ್ ಮಾಡುತ್ತದೆ. ಅದೇ ಬ್ಯಾಟರಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಓಡುತ್ತದೆ.

ಒಂದು ಮಾತು ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ನಿಮ್ಮಲ್ಲಿ ಎರಡು ಮರ ಇದೆ ಎಂದಿರಿ. ಟ್ರಿಮ್ಮರ್ ದಾರವನ್ನು ಮರದ ಬುಡಕ್ಕೆ ತಾಗಿಸಲೇಬೇಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಆ ಪದರ ಕಿತ್ತುಹೋದರೆ ಬೇರು ಉಪವಾಸ ಬೀಳುತ್ತದೆ. ನಾನು ಹೀಗೆಯೇ ಒಂದು ಎಳೆ ಗಿಡ ಕಳೆದುಕೊಂಡಿದ್ದೇನೆ. ವಾರ ವಾರವೂ ಬುಡ ಚೊಕ್ಕಟವಾಗಿ ಕಾಣಲಿ ಎಂದು ದಾರ ತಾಗಿಸುತ್ತಿದ್ದೆ. ಗಿಡ ಒಣಗಲು ಶುರುವಾದ ಮೇಲೆ ಬಗ್ಗಿ ನೋಡಿದರೆ ಬುಡದಲ್ಲಿ ಬಳೆಯ ಹಾಗೆ ಸುತ್ತ ಗಾಯ. ಆಗ ಮಾಡಲು ಏನೂ ಉಳಿದಿರಲಿಲ್ಲ. ನಿಮ್ಮ ಮರಗಳ ಸುತ್ತ ಒಂದೊಂದೂವರೆ ಅಡಿ ಹುಲ್ಲು ತೆಗೆದು ಒಣ ಎಲೆ ಹರಡಿಬಿಡಿ. ಎಲೆ ತೊಗಟೆಗೆ ಅಂಟದಿರಲಿ. ಅಲ್ಲಿ ಕತ್ತರಿಸುವ ಕೆಲಸವೇ ಇರುವುದಿಲ್ಲ.

ಪ್ರಶ್ನೆ: ಹೊಸ ಟ್ರಿಮ್ಮರ್ ತಂದಿದ್ದೇನೆ. ಐದು ನಿಮಿಷಕ್ಕೊಮ್ಮೆ ದಾರ ತುಂಡಾಗುತ್ತದೆ. ನೆಲಕ್ಕೆ ತಟ್ಟಿದರೆ ದಾರ ಬರಬೇಕಂತೆ, ಬರುವುದಿಲ್ಲ. ಪ್ಲಾಸ್ಟಿಕ್ ಬ್ಲೇಡ್ ಇರುವುದು ಕೊಳ್ಳಬೇಕಿತ್ತಾ?

ಉತ್ತರ: ಬೇಡ. ಕಲ್ಲು, ಗೋಡೆ ಇರುವ ಕಡೆ ಪ್ಲಾಸ್ಟಿಕ್ ಬ್ಲೇಡ್ ಬೇಗ ಮುರಿಯುತ್ತದೆ. ಬರೀ ಮೆತ್ತಗಿನ ಹುಲ್ಲಿನ ತುಂಡು ಜಾಗಕ್ಕೆ ಅದು ಅಡ್ಡಿಯಿಲ್ಲ.

ದಾರ ಹುಲ್ಲು ಕತ್ತರಿಸುವುದು ತನ್ನ ತುದಿಯಿಂದ. ಕೋಲನ್ನು ಹುಲ್ಲಿನೊಳಗೆ ತುರುಕಿದರೆ ದಾರದ ನಡುಭಾಗ ಬಡಿಯುತ್ತದೆ, ಮೋಟರ್ ಮೇಲೆ ಹೊರೆ ಬೀಳುತ್ತದೆ, ದಾರ ಬುಡದಲ್ಲೇ ಕಡಿಯುತ್ತದೆ. ಅಂಚಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ತೂಗುತ್ತಾ ಹೋಗಿ. ಗೋಡೆಯ ಹತ್ತಿರ ತುದಿ ಮಾತ್ರ ಸವರಲಿ.

ದಾರ ಹೊರಗೆ ಬರದಿರುವುದಕ್ಕೆ ಹೆಚ್ಚಿನ ಸಲ ಕಾರಣ ಸುತ್ತಿದ ರೀತಿ. ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ಬಿಚ್ಚಿ ನೋಡಿ. ಮೇಲೆ ಬಾಣದ ಗುರುತು ಇರುತ್ತದೆ, ಆ ದಿಕ್ಕಿಗೇ ಸುತ್ತಬೇಕು. ಒಂದರ ಮೇಲೆ ಒಂದು ಅಡ್ಡಾದಿಡ್ಡಿ ಬೀಳಬಾರದು, ತುಟಿಯವರೆಗೆ ತುಂಬಬಾರದು. ತುಂಬಿದ್ದರೆ ಒಳಗೆ ಉಜ್ಜಿ ಬಿಸಿಯಾಗಿ ದಾರಕ್ಕೆ ದಾರವೇ ಅಂಟಿಕೊಳ್ಳುತ್ತದೆ. ಇನ್ನೊಂದು, ಬಹಳ ದಿನ ಇಟ್ಟ ನೈಲಾನ್ ದಾರ ಒಣಗಿ ಪುಟಪುಟ ಮುರಿಯುತ್ತದೆ. ನೈಲಾನ್ ನೀರು ಹೀರುವ ವಸ್ತು. ಹಿಂದಿನ ದಿನವೇ ದಾರವನ್ನು ಒಂದು ಬಟ್ಟಲು ನೀರಿನಲ್ಲಿ ಮುಳುಗಿಸಿಟ್ಟರೆ ಮತ್ತೆ ಬಳುಕುತ್ತದೆ. ಇದು ನಾನು ತಪ್ಪದೆ ಮಾಡುವ ಕೆಲಸ.

ಬೇಗ ತುಂಡಾಗುತ್ತದೆ ಎಂದು ದಪ್ಪ ದಾರ ಹಾಕಬೇಡಿ. ನಿಮ್ಮ ಯಂತ್ರಕ್ಕೆ 1.6 ಮಿಲಿಮೀಟರ್ ಎಂದಿದ್ದರೆ ಅಷ್ಟೇ ಇರಲಿ. 2.4ರ ದಾರ ತಿರುಗಿಸಲು ಚಿಕ್ಕ ಮೋಟರ್ ಒದ್ದಾಡುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಲೋಹದ ಬ್ಲೇಡ್ ಅಂತೂ ಅದಕ್ಕೆಂದೇ ಮಾಡಿದ ಯಂತ್ರಕ್ಕೆ ಬಿಟ್ಟು ಬೇರೆಯದಕ್ಕೆ ಹಾಕಲೇಬಾರದು.

ಪ್ರಶ್ನೆ: ಅಮ್ಮನಿಗೆ 70 ದಾಟಿದೆ. ಹೂವಿನ ಪಾತಿಯ ಅಂಚಿನ ಹುಲ್ಲನ್ನು ತಾನೇ ಕತ್ತರಿಸಬೇಕು ಅನ್ನುತ್ತಾರೆ. ಕೈಕತ್ತರಿಯಿಂದ ಮಣಿಕಟ್ಟು ನೋಯುತ್ತದೆ. ಟ್ರಿಮ್ಮರ್ ಕೊಡಲು ನನಗೆ ಭಯ.

ಉತ್ತರ: ಅವರಿಗೆ ಬೇಕಾಗಿರುವುದು ಬ್ಯಾಟರಿಯ ಹುಲ್ಲು ಕತ್ತರಿ. ಕೂದಲು ಕತ್ತರಿಸುವ ಯಂತ್ರದ ಹಾಗೆ ಹಲ್ಲುಗಳು ಅತ್ತಿತ್ತ ಆಡುತ್ತವೆ. ದಾರದ ಹಾಗೆ ಕಲ್ಲು ಸಿಡಿಸುವುದಿಲ್ಲ, ಸದ್ದೂ ಕಡಿಮೆ. ಬ್ಲೇಡ್ ಅಗಲ 10 ಸೆಂಟಿಮೀಟರ್ ಆಸುಪಾಸು ಇದ್ದರೆ ಅಂಚಿನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ.

ಕೊಳ್ಳುವ ಮೊದಲು ಅಮ್ಮನನ್ನೇ ಕರೆದುಕೊಂಡು ಹೋಗಿ ಕೈಯಲ್ಲಿ ಹಿಡಿಸಿ. ಈ ಯಂತ್ರಗಳಲ್ಲಿ ಸುರಕ್ಷತೆಗಾಗಿ ಎರಡು ಗುಂಡಿ ಇರುತ್ತವೆ. ಒಂದನ್ನು ಹೆಬ್ಬೆರಳಲ್ಲಿ ತಳ್ಳಿ ಇನ್ನೊಂದನ್ನು ಒತ್ತಬೇಕು. ಬೆರಳಿನ ಕೀಲು ನೋಯುವವರಿಗೆ ಕೆಲವು ಯಂತ್ರಗಳ ಆ ಗುಂಡಿ ತುಂಬ ಬಿಗಿ. ತೂಕ ಎಷ್ಟು ಎಂದು ಓದಿ ತಿಳಿಯುವುದಿಲ್ಲ, ಬ್ಯಾಟರಿ ಹಾಕಿ ಐದು ನಿಮಿಷ ಹಿಡಿದು ನಿಂತರೆ ತಿಳಿಯುತ್ತದೆ. ಕೆಲವಕ್ಕೆ ಉದ್ದ ಹಿಡಿ ಮತ್ತು ಚಿಕ್ಕ ಚಕ್ರ ಸಿಗುತ್ತದೆ. ಅದಿದ್ದರೆ ಬಗ್ಗದೆ, ಕೂರದೆ, ನಿಂತೇ ಕತ್ತರಿಸಬಹುದು. ಅದಕ್ಕೆ ದುಡ್ಡು ಕೊಡಲು ಹಿಂದೆ ಮುಂದೆ ನೋಡಬೇಡಿ.

ಅಮ್ಮನಿಗೆ ಒಂದು ಅಭ್ಯಾಸ ಮಾಡಿಸಿ. ಹಲ್ಲಿನ ನಡುವೆ ಹುಲ್ಲು ಸಿಕ್ಕಿಕೊಂಡರೆ ಮೊದಲು ಬ್ಯಾಟರಿ ಹೊರಗೆ ತೆಗೆಯಬೇಕು, ಬ್ಯಾಟರಿ ಒಳಗೇ ಕೂರಿಸಿದ ಯಂತ್ರವಾದರೆ ಸ್ವಿಚ್ ಲಾಕ್ ಮಾಡಬೇಕು. ಆಮೇಲೆ ಹುಲ್ಲನ್ನು ಕಡ್ಡಿಯಿಂದ ತೆಗೆಯಬೇಕು. ಬೆರಳು ಬೇಡ. ವೈರ್ ಇದ್ದಾಗ ಪ್ಲಗ್ ಕೀಳಬೇಕು ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಬ್ಯಾಟರಿ ಯಂತ್ರ ನೋಡಲು ಸದಾ ಆಫ್ ಆದ ಹಾಗೇ ಇರುತ್ತದೆ. ಈ ಮಾತು ಟ್ರಿಮ್ಮರ್, ಮೋವರ್ ಬಳಸುವ ಎಲ್ಲರಿಗೂ.

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ಬ್ಯಾಟರಿ ಈಗ ಅರ್ಧದಷ್ಟೂ ಬರುತ್ತಿಲ್ಲ. ತಿಂಗಳಿಗೆರಡು ಸಲ ಮಾತ್ರ ಬಳಸಿದ್ದೇನೆ. ಸದಾ ಚಾರ್ಜರ್‌ನಲ್ಲೇ ಇಟ್ಟಿರುತ್ತೇನೆ, ತಗಡಿನ ಶೆಡ್‌ನಲ್ಲಿ.

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಲಿಥಿಯಂ ಬ್ಯಾಟರಿ ಬಳಸಿದ್ದಕ್ಕಷ್ಟೇ ಸವೆಯುವುದಿಲ್ಲ, ಸುಮ್ನೆ ಕೂತಲ್ಲೂ ಸವೆಯುತ್ತದೆ. ಪೂರ್ತಿ ತುಂಬಿದ ಚಾರ್ಜ್ ಮತ್ತು ಬಿಸಿ, ಎರಡೂ ಸೇರಿದರೆ ಬೇಗ ಸವೆಯುತ್ತದೆ. ತಗಡಿನ ಶೆಡ್ ಬಿಸಿಲಿಗೆ ಒಲೆಯ ಹಾಗೆ ಕಾಯುತ್ತದೆ.

ಹೊಸ ಬ್ಯಾಟರಿಗೆ ಹೀಗೆ ಮಾಡಿ. ಕೆಲಸ ಮುಗಿದ ಮೇಲೆ ಅದು ತಣ್ಣಗಾಗಲಿ, ಆಮೇಲೆ ಚಾರ್ಜ್ ಮಾಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಎಂದಿದ್ದರೆ ಅರ್ಧದಷ್ಟು ಚಾರ್ಜ್‌ನಲ್ಲಿ, ಮನೆಯ ಒಳಗೆ ತಂಪಾದ ಒಣ ಜಾಗದಲ್ಲಿ ಇಡಿ. ನಾಲ್ಕು ದೀಪ ಇರುವ ಪ್ಯಾಕ್ ಆದರೆ ಎರಡು ದೀಪ ಉರಿಯುತ್ತಿರಲಿ. ಪೂರ್ತಿ ಖಾಲಿ ಮಾಡಿ ಇಡುವುದೂ ಕೆಟ್ಟದ್ದೇ, ತಾನಾಗಿ ಇನ್ನಷ್ಟು ಇಳಿದು ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು. ಶೂನ್ಯ ಡಿಗ್ರಿಗಿಂತ ಕೆಳಗೆ ಚಳಿ ಇರುವ ಕಡೆ ಬ್ಯಾಟರಿ ಒಳಗೆ ತಂದು ಬೆಚ್ಚಗಾದ ಮೇಲೆಯೇ ಚಾರ್ಜ್ ಹಾಕಬೇಕು.

ಬ್ಯಾಟರಿಯನ್ನು ದೂರುವ ಮೊದಲು ಬ್ಲೇಡ್ ಕೂಡ ನೋಡಿ. ಕತ್ತರಿಸಿದ ಮರುದಿನ ಹುಲ್ಲಿನ ತುದಿ ಕಂದು ಬಣ್ಣಕ್ಕೆ ತಿರುಗಿ ನಾರು ನಾರಾಗಿದ್ದರೆ ಬ್ಲೇಡ್ ಮೊಂಡಾಗಿದೆ. ಮೊಂಡು ಬ್ಲೇಡ್ ಹುಲ್ಲನ್ನು ಹರಿಯುತ್ತದೆ, ಅದಕ್ಕೆ ಜಾಸ್ತಿ ಕರೆಂಟ್ ಬೇಕು. ಒದ್ದೆ ಹುಲ್ಲಿನಲ್ಲೂ ಹೀಗೇ.

ಹಳೆಯ ಬ್ಯಾಟರಿ ಕಸದ ಬುಟ್ಟಿಗೆ ಬೇಡ. ಕಸದ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತಬಹುದು. ಲೋಹದ ತುದಿಗಳಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಉಬ್ಬಿದ ಪ್ಯಾಕ್ ಇದ್ದರೆ ಇನ್ನೊಮ್ಮೆ ಚಾರ್ಜ್‌ಗೆ ಹಾಕಿ ನೋಡುವ ಆಸೆಯೂ ಬೇಡ.

ಪ್ರಶ್ನೆ: ನನ್ನ ಜಾಗ ಕೇವಲ 10 ಅಡಿಗೆ 12 ಅಡಿ. ಸಮತಟ್ಟಾಗಿದೆ. ಇದಕ್ಕೆ ಬ್ಯಾಟರಿ ಮೋವರ್ ಬೇಕಾ?

ಉತ್ತರ: ಬೇಡ. ಕೈಯಲ್ಲಿ ತಳ್ಳುವ ಸಿಲಿಂಡರ್ ಮೋವರ್ ಸಾಕು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದ ಯಂತ್ರದ ರೀತಿಯೇ ಇದು. ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಚಕ್ರ ತಿರುಗಿದಾಗ ಸುರುಳಿ ಬ್ಲೇಡ್ ಕೆಳಗಿನ ಪಟ್ಟಿಗೆ ತಾಗಿ ಕತ್ತರಿಯ ಹಾಗೆ ಕತ್ತರಿಸುತ್ತದೆ. ಕತ್ತರಿಸಿದ ಅಂಚು ತುಂಬ ನೀಟಾಗಿ ಬರುತ್ತದೆ. ಉದ್ದ ಬೆಳೆದ ಹುಲ್ಲನ್ನು ಮಾತ್ರ ಅದು ಕತ್ತರಿಸುವುದಿಲ್ಲ, ಬಗ್ಗಿಸಿ ಮೇಲೆ ಹಾದುಹೋಗುತ್ತದೆ. ವಾರಕ್ಕೊಮ್ಮೆ ತಳ್ಳುತ್ತೀರಾದರೆ ಅದನ್ನೇ ಕೊಳ್ಳಿ, ಅಂಚಿಗೆ ಒಂದು ಬ್ಯಾಟರಿ ಹುಲ್ಲು ಕತ್ತರಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಆಗುವುದಿಲ್ಲ ಎಂದಾದರೆ 18 ವೋಲ್ಟಿನ ಟ್ರಿಮ್ಮರ್ ಒಂದೇ ಕೊಳ್ಳಿ, 2 ಆಂಪಿಯರ್-ಅವರ್ ಬ್ಯಾಟರಿ ಸಾಕು.