ರಾಜ ಸತ್ತ, ಡ್ಯೂಕ್ ಉಳಿದ

ಪ್ರಶ್ನೆ: 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕದ ಉಸ್ತುವಾರಿ ನಾರ್ಫೋಕ್ ಡ್ಯೂಕರದ್ದಾಗಿತ್ತಂತೆ. ಅವರದು ಅಷ್ಟೊಂದು ರಾಜನಿಷ್ಠ ಮನೆತನವೇ?
– ಓದುಗರು, ತಿಪಟೂರು

ಉತ್ತರ: ನಿಷ್ಠೆಯೇನೋ ಇತ್ತು, ಯಾವ ರಾಜನಿಗೆ ಎಂಬುದೇ ತಕರಾರು! ಈ ಹೊವರ್ಡ್ ಮನೆತನದ ಮೊದಲ ಡ್ಯೂಕ್ ಜಾನ್, 1485ರ ಬಾಸ್ವರ್ತ್ ಕಾಳಗದಲ್ಲಿ ಸೋತ ಮೂರನೇ ರಿಚರ್ಡನ ಕಡೆ ಹೋರಾಡಿ ಸತ್ತ. ಪದವಿಯೂ ಹೋಯಿತು. ಮಗ ಥಾಮಸ್ 1513ರಲ್ಲಿ ಫ್ಲಾಡೆನ್‌ನಲ್ಲಿ ಸ್ಕಾಟರನ್ನು ಸದೆಬಡಿದು, ಮರುವರ್ಷ ಅದನ್ನು ಮರಳಿ ಪಡೆದ.

ನನ್ನ ಕುತೂಹಲವೆಲ್ಲ ಮೂರನೇ ಡ್ಯೂಕನ ಮೇಲೆ. ಆಸಾಮಿ ಮಹಾ ಗಟ್ಟಿಗ. ಎಂಟನೇ ಹೆನ್ರಿಯ ರಾಣಿಯರಲ್ಲಿ ಆನ್ ಬೊಲಿನ್ ಇವನ ತಂಗಿಯ ಮಗಳು, ಕ್ಯಾಥರೀನ್ ಹೊವರ್ಡ್ ತಮ್ಮನ ಮಗಳು. ಇಬ್ಬರ ತಲೆಯೂ ಉರುಳಿತು. ಆನ್‌ಗೆ ಮರಣದಂಡನೆಯ ತೀರ್ಪು ಓದಿದವನು ಈ ಸೋದರಮಾವನೇ! 1547ರ ಜನವರಿ 19ರಂದು ಇವನ ಮಗ, ಕವಿ ಸರ್ರೆಯ ಶಿರಚ್ಛೇದವಾಯಿತು. ತಂದೆಯ ಸರದಿ 28ಕ್ಕೆ. ಅಂದು ಬೆಳಗಿನ ಜಾವ ಸತ್ತದ್ದು ಮಾತ್ರ ಹೆನ್ರಿ! ಡ್ಯೂಕ್ 1553ರವರೆಗೆ ಲಂಡನ್ ಟವರ್‌ನಲ್ಲಿ ಕೈದಿಯಾಗಿದ್ದು, ರಾಣಿ ಮೇರಿಯ ಕಾಲದಲ್ಲಿ ಹೊರಬಂದ.

ನಾಲ್ಕನೆಯವನು 1572ರಲ್ಲಿ ತಲೆ ಕಳೆದುಕೊಂಡ. ಪದವಿ ಮರಳಿದ್ದು 1660ರಲ್ಲಿ. ಪಟ್ಟಾಭಿಷೇಕ ನಡೆಸುವ ‘ಅರ್ಲ್ ಮಾರ್ಷಲ್’ ಹುದ್ದೆ 1672ರಿಂದ ಇವರಿಗೆ ವಂಶಪಾರಂಪರ್ಯ. ಈಗಿನ ಹದಿನೆಂಟನೇ ಡ್ಯೂಕ್ ಕ್ಯಾಥೊಲಿಕ್. ಏರ್ಪಾಡು ಮಾಡಿದ್ದು ಆಂಗ್ಲಿಕನ್ (ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಚರ್ಚಿನ) ವಿಧಿಗೆ.