ಬೆಪ್ಪು ಎಂಬ ಊರು, ಅಲ್ಲಿನ ಬಿಸಿನೀರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಜಪಾನಿನ ಬೆಪ್ಪುವಿನಲ್ಲಿ ಓದುತ್ತಿದ್ದಾಳೆ. ವಿಡಿಯೊ ಕಾಲ್ ಮಾಡಿದಾಗ ನೋಡಿದರೆ ಚರಂಡಿಯಿಂದಲೂ ಹೊಗೆ ಏಳುತ್ತಿರುತ್ತದೆ. ಜ್ವಾಲಾಮುಖಿಯ ಮೇಲೆ ಸಂಸಾರ ಹೂಡಿದ ಹಾಗಲ್ವಾ ಇದು? ಡಿಸೆಂಬರ್‌ನಲ್ಲಿ ನಾವೂ ಹೊರಟಿದ್ದೇವೆ. (ತಾಯಿ, ದಾವಣಗೆರೆ)

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಮಗಳು ಬೆಪ್ಪುವಿನಲ್ಲಿದ್ದಾಳೆ ಎಂದಾಗ ನೆಂಟರಲ್ಲಿ ಎಷ್ಟು ಜನ ನಕ್ಕರೋ! ಜಪಾನಿನಲ್ಲಿ ಮಾತ್ರ ಆ ಹೆಸರು ಕೇಳಿದರೆ ಯಾರೂ ನಗುವುದಿಲ್ಲ. ಬಿಸಿನೀರಿನ ಊರು ಅಂದರೆ ಅವರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. ಕ್ಯೂಶೂ ದ್ವೀಪದ ಓಯಿತ ಪ್ರಾಂತದಲ್ಲಿ, ಎದುರಿಗೆ ಕೊಲ್ಲಿ, ಬೆನ್ನಿಗೆ ಬೆಟ್ಟ ಇಟ್ಟುಕೊಂಡು ಇಳಿಜಾರಿನಲ್ಲಿ ಕೂತ ಊರು. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ.

ನೀವು ನೋಡಿದ್ದು ಹೊಗೆಯಲ್ಲ, ಹಬೆ. ಬಿಸಿನೀರು ಹರಿದು ಹೋಗುವ ಚರಂಡಿ, ಹೊರಗೆ ಚಳಿ. ಹಬೆ ಏಳದೆ ಇರುತ್ತದೆಯೇ? ಊರಿನ ಹಿಂದಿರುವ ತ್ಸುರುಮಿ ಬೆಟ್ಟ 1,375 ಮೀಟರ್ ಎತ್ತರ. ಅದು ಜೀವಂತ ಜ್ವಾಲಾಮುಖಿಯೇ, ನಿಮ್ಮ ಅನುಮಾನ ಸುಳ್ಳಲ್ಲ. ಆದರೆ ಅಲ್ಲಿ ದಾಖಲಾದ ಕೊನೆಯ ಸ್ಫೋಟ ಆದದ್ದು ಕ್ರಿ.ಶ. 867ರಲ್ಲಿ. ಬೆಟ್ಟದ ಮೇಲೆ ಕಣ್ಣಿಡಲು ಹವಾಮಾನ ಇಲಾಖೆ ಇದೆ. ಮಗಳು ನಿಶ್ಚಿಂತೆಯಿಂದ ಓದಲಿ.

ಆ ಹಬೆಯ ಜೊತೆಗೇ ಬೆಳೆದ ಊರು ಅದು. ಅಲ್ಲಿ ಓಣಿಗೊಂದು ಸ್ನಾನದ ಮನೆ. ಎಷ್ಟೋ ಕಡೆ ಕೆಳಗೆ ಸ್ನಾನದ ತೊಟ್ಟಿ, ಮೇಲಿನ ಅಂತಸ್ತಿನಲ್ಲಿ ಬಡಾವಣೆಯ ಸಭೆ ಸೇರುವ ಕೋಣೆ. ನೋಡಿಕೊಳ್ಳುವವರು ಆ ಓಣಿಯ ಜನರೇ. ಸಂಜೆ ಬಕೆಟ್ಟು, ಸೋಪು, ಟವೆಲ್ ಹಿಡಿದು ಅಜ್ಜಿಯರು ಹೊರಡುತ್ತಾರೆ. ದೊಡ್ಡ ಹೋಟೆಲುಗಳು ಬೇಕಾದಷ್ಟಿವೆ, ಆದರೆ ನನ್ನನ್ನು ಕೇಳಿದರೆ ಬೆಪ್ಪುವನ್ನು ನೋಡಬೇಕಾದದ್ದು ಈ ಓಣಿಗಳಲ್ಲಿ.

ಪ್ರಶ್ನೆ: ನಮ್ಮ ಇರ್ದೆಯ ಬೆಂದ್ರುತೀರ್ಥದಲ್ಲಿ ನೀರು ಬರೀ ಉಗುರುಬೆಚ್ಚಗೆ. ಅಲ್ಲಿ ಅಷ್ಟೊಂದು ಕುದಿಯುವುದು ಹೇಗೆ? ಅಷ್ಟು ನೀರು ಬರುವುದಾದರೂ ಎಲ್ಲಿಂದ? (ಓದುಗರು, ಪುತ್ತೂರು)

ಮಳೆಯಿಂದ. ತ್ಸುರುಮಿ ಮತ್ತು ಅದರ ಉತ್ತರಕ್ಕಿರುವ ಗರಾನ್ ಬೆಟ್ಟಗಳ ಮೇಲೆ ಬಿದ್ದ ನೀರು ಬಿರುಕುಗಳಲ್ಲಿ ಇಂಗಿ ಆಳಕ್ಕೆ ಹೋಗುತ್ತದೆ. ಅಲ್ಲಿ ಜ್ವಾಲಾಮುಖಿಯ ಶಾಖ ತಗುಲಿ 250 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಆಳದ ಒತ್ತಡದಲ್ಲಿ ಅಷ್ಟು ಕಾದರೂ ನೀರು ನೀರಾಗಿಯೇ ಇರುತ್ತದೆ. ಮೇಲೇಳುತ್ತಾ ಒತ್ತಡ ಇಳಿದಾಗ ಒಂದು ಪಾಲು ಹಬೆಯಾಗುತ್ತದೆ. ಉಳಿದದ್ದು ನೆಲದ ಸೀಳುಗಳನ್ನು ಹಿಡಿದು ಸಮುದ್ರದ ಕಡೆ ಇಳಿಯುತ್ತದೆ. ಮಳೆ ಬಿದ್ದು ಬಿಸಿನೀರಾಗಿ ಮರಳಲು ಸುಮಾರು 50 ವರ್ಷ ಬೇಕು ಎಂಬ ಅಂದಾಜಿದೆ. ಇವತ್ತು ಮಗು ಮುಳುಗೇಳುವ ನೀರು ಅದರ ಅಜ್ಜಿ ಚಿಕ್ಕವಳಿದ್ದಾಗ ಬಿದ್ದ ಮಳೆ. ನಿಮ್ಮ ಪುತ್ತೂರಿನ ಕಡೆ ಜೀವಂತ ಜ್ವಾಲಾಮುಖಿ ಇಲ್ಲವಲ್ಲ, ಆ ಬಿಸಿ ನೀವು ನಿರೀಕ್ಷಿಸುವಂತಿಲ್ಲ.

ಬೆಪ್ಪುವಿನಲ್ಲಿ 2,000ಕ್ಕೂ ಹೆಚ್ಚು ಬಿಸಿನೀರಿನ ಮೂಲಗಳಿವೆ. ಜಪಾನಿನ ಬೇರೆ ಯಾವ ಊರಲ್ಲೂ ಇಷ್ಟಿಲ್ಲ. ಪ್ರವಾಸದ ಪುಸ್ತಿಕೆಗಳು ಹೇಳದೆ ಬಿಡುವ ಮಾತು ಇನ್ನೊಂದಿದೆ: ಇವುಗಳಲ್ಲಿ ಬಹುಪಾಲು ಕೊರೆದ ಬಾವಿಗಳು. ಹೌದು, ನಮ್ಮ ಬೋರ್‌ವೆಲ್ಲೇ! ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಬಿದಿರಿನ ಸ್ಪ್ರಿಂಗಿನಂಥ ಬಲ ಬಳಸಿ, ಕೈಯಿಂದಲೇ ನೆಲ ಕೊರೆಯುವ ವಿದ್ಯೆ ಅಲ್ಲಿಗೆ ಬಂತು. ಅಲ್ಲಿಂದ ಒಬ್ಬರನ್ನು ನೋಡಿ ಇನ್ನೊಬ್ಬರು ಕೊರೆದರು. ಮುಂದಿನ ಕತೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಹೇಳಬೇಕಾಗಿಲ್ಲ. ಪಕ್ಕದವನು ಕೊರೆದರೆ ನಮ್ಮ ಬಾವಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಊರಿನ ಕೆಲವು ಭಾಗಗಳಲ್ಲಿ ಹೊಸ ಬಾವಿ ಕೊರೆಯಲು ಓಯಿತ ಪ್ರಾಂತ ಈಗ ಅನುಮತಿ ಕೊಡುವುದಿಲ್ಲ.

ಪ್ರಶ್ನೆ: ಅಲ್ಲಿ 'ನರಕ ದರ್ಶನ' ಎಂಬ ಟೂರ್ ಇದೆಯಂತೆ. ದುಡ್ಡು ಕೊಟ್ಟು ನೋಡುವಂಥದ್ದಾ? (ಓದುಗರು, ಬೆಂಗಳೂರು)

ಇದೆ. ಜಪಾನಿ ಭಾಷೆಯಲ್ಲಿ 'ಜಿಗೊಕು' ಅಂದರೆ ನರಕ. ಕುದಿಯುವ ನೀರು, ಕೆಸರು ಉಕ್ಕುವ ಈ ಜಾಗಗಳಲ್ಲಿ ಮೊದಲು ಬೇಸಾಯವೂ ಇಲ್ಲ, ವಾಸವೂ ಇಲ್ಲ. ಅದಕ್ಕೇ ಆ ಹೆಸರು. ಟೂರಿನಲ್ಲಿ ಏಳು ನರಕಗಳಿವೆ, ಐದು ಕನ್ನಾವ ಎಂಬಲ್ಲಿ ಅಕ್ಕಪಕ್ಕ, ಎರಡು ಸ್ವಲ್ಪ ದೂರ. ಇವು ನೋಡಲಿಕ್ಕೆ ಮಾತ್ರ, ಇಳಿಯಲಿಕ್ಕಲ್ಲ.

ಏಳನ್ನೂ ನೋಡಲೇಬೇಕು ಅಂತೇನಿಲ್ಲ. ಸಮುದ್ರದ ಬಣ್ಣದ 'ಉಮಿ ಜಿಗೊಕು' ಬಿಡಬೇಡಿ. ನೀಲಿ ನೋಡಿದರೆ ತಣ್ಣಗಿದೆ ಅನ್ನಿಸುತ್ತದೆ, ಬಿಸಿ 98 ಡಿಗ್ರಿ. ಕಬ್ಬಿಣದ ಅಂಶವಿರುವ ಮಣ್ಣಿನಿಂದ ರಕ್ತಗೆಂಪಾದ 'ಚಿನೊಇಕೆ' ಚೆನ್ನಾಗಿದೆ. 'ಓನಿಯಿಶಿ ಬೋಜು'ದಲ್ಲಿ ಬೂದು ಕೆಸರಿನ ಗುಳ್ಳೆಗಳು ಬೋಳಿಸಿದ ಸನ್ಯಾಸಿ ತಲೆಗಳಂತೆ ಏಳುತ್ತವೆ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಇನ್ನೊಂದು ನರಕದಲ್ಲಿ ಆ ಬಿಸಿಯಲ್ಲೇ ಮೊಸಳೆ ಸಾಕಿದ್ದಾರೆ. ನನಗೇನೂ ಅದು ಹಿಡಿಸಲಿಲ್ಲ.

ಈ ಟೂರಿನ ಕೀರ್ತಿ ಅಬುರಾಯ ಕುಮಾಹಾಚಿ ಎಂಬ ಹೋಟೆಲ್ ಮಾಲೀಕರದು. ಎದುರು ದಡದ ಶಿಕೊಕು ದ್ವೀಪದಿಂದ ಬಂದವರು. ವ್ಯಾಪಾರದಲ್ಲಿ ಕೈಸುಟ್ಟುಕೊಂಡು, ಅಮೆರಿಕ ಸುತ್ತಿ ಬಂದು 1911ರಲ್ಲಿ ಇಲ್ಲಿ ವಸತಿಗೃಹ ತೆರೆದರು. 1928ರಲ್ಲಿ ನರಕಗಳಿಗೆ ಬಸ್ ಓಡಿಸಿ, ಪದ್ಯದ ಧಾಟಿಯಲ್ಲಿ ವಿವರಣೆ ಹೇಳಲು ಹೆಣ್ಣುಮಕ್ಕಳನ್ನು ನೇಮಿಸಿದರು. ಜಪಾನಿನ ಮೊದಲ ಮಹಿಳಾ ಬಸ್ ಗೈಡ್‌ಗಳು ಅವರೇ. ಬೆಪ್ಪು ರೈಲು ನಿಲ್ದಾಣದ ಮುಂದೆ ಎರಡೂ ಕೈ ಎತ್ತಿ ಕುಣಿಯುವಂತೆ ನಿಂತ ಪ್ರತಿಮೆ ಈ ಪುಣ್ಯಾತ್ಮರದೇ.

ಪ್ರಶ್ನೆ: ಎಲ್ಲರೆದುರು ಬಟ್ಟೆ ಬಿಚ್ಚಿ ಸ್ನಾನ ಮಾಡಬೇಕಂತೆ. ನನ್ನಿಂದಾಗದು. ಬೇರೆ ದಾರಿ ಇದೆಯೇ? (ಓದುಗರು, ಮೈಸೂರು)

ಇದೆ, ಸಂಕೋಚ ಬೇಡ. ಗಂಡಸರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ತೊಟ್ಟಿ. ಅದೂ ಬೇಡವಾದರೆ ಒಂದು ಕುಟುಂಬಕ್ಕೇ ಗಂಟೆಯ ಲೆಕ್ಕದಲ್ಲಿ ಕೊಡುವ ಕೋಣೆಗಳಿವೆ. ಪಾದ ಮಾತ್ರ ಇಳಿಬಿಟ್ಟು ಕೂರುವ ಕಟ್ಟೆಗಳೂ ಇವೆ. ನನ್ನ ಸಲಹೆ ಮರಳಿನ ಸ್ನಾನ. 1879ರಲ್ಲಿ ಶುರುವಾದ ತಾಕೆಗಾವಾರ ಎಂಬ ಸ್ನಾನದ ಮನೆ ಇದೆ, ಈಗಿನ ಮರದ ಕಟ್ಟಡ 1938ರದು. ಅಲ್ಲಿ ತೆಳುವಾದ ಹತ್ತಿಯ ನಿಲುವಂಗಿ ತೊಟ್ಟು ಮಲಗಿದರೆ, ಬಿಸಿನೀರಲ್ಲಿ ನೆನೆದ ಮರಳನ್ನು ಕುತ್ತಿಗೆವರೆಗೆ ಎಳೆದು ಮುಚ್ಚುತ್ತಾರೆ. ಹದಿನೈದು ನಿಮಿಷಕ್ಕೆ ಬೆವರು ಧಾರೆ. ಬಿಪಿ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕೇಳಿ.

ತೊಟ್ಟಿಗೆ ಇಳಿಯುವವರಿಗೆ ನಾಲ್ಕು ಮಾತು. ಹೊರಗೆ ಚೆನ್ನಾಗಿ ಮೈ ತೊಳೆದುಕೊಂಡೇ ಇಳಿಯಬೇಕು. ತೊಟ್ಟಿ ಇರುವುದು ಕೂರುವುದಕ್ಕೆ, ಉಜ್ಜಿಕೊಳ್ಳುವುದಕ್ಕಲ್ಲ. ನಮ್ಮ ಎಣ್ಣೆಸ್ನಾನದ ಆಸೆ ಅಲ್ಲಿ ಖಂಡಿತ ಬೇಡ. ಟವೆಲ್ ನೀರಿಗೆ ತಾಗಬಾರದು, ಉದ್ದ ಕೂದಲು ಮೇಲೆ ಕಟ್ಟಿರಲಿ. ಹಚ್ಚೆ ಇದ್ದರೆ ಮೊದಲೇ ವಿಚಾರಿಸಿ, ಕೆಲವು ಕಡೆ ಬಿಡುವುದಿಲ್ಲ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ, ಹಾಗಾಗಿ ಕಾಲುಂಗುರ, ಗೆಜ್ಜೆ ತೆಗೆದಿಡಿ. ಮೊದಲು ಕಾಲಿಟ್ಟು ನೋಡಿ. ಓಣಿಯ ಅಜ್ಜಿಯರು ಕೂರುವ ಬಿಸಿಗೆ ನಾವು ಹೌಹಾರುತ್ತೇವೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ? (ಅದೇ ದಾವಣಗೆರೆಯ ತಾಯಿ)

ಕಷ್ಟವೇ. ತರಕಾರಿ ಸಾರು ಅಂದುಕೊಂಡದ್ದರಲ್ಲೂ ಮೀನಿನ ರಸ ಇರುತ್ತದೆ. ಆದರೆ ಕನ್ನಾವದಲ್ಲಿ 'ಜಿಗೊಕು ಮುಶಿ' ಇದೆ, ನೆಲದ ಹಬೆಯಲ್ಲಿ ಬೇಯಿಸುವ ಅಡುಗೆ. ಬುಟ್ಟಿಯಲ್ಲಿ ಗೆಣಸು, ಕುಂಬಳ, ಎಲೆಕೋಸು, ಜೋಳದ ತೆನೆ ಇಟ್ಟು ಒಲೆಯ ಮುಚ್ಚಳ ಹಾಕಿದರೆ ಆಯಿತು. ಗ್ಯಾಸಿಲ್ಲ, ಸೌದೆಯಿಲ್ಲ, ನಮ್ಮ ಇಡ್ಲಿ ಪಾತ್ರೆಯ ದೊಡ್ಡಣ್ಣ. ಆ ಗೆಣಸಿಗೆ ಸಣ್ಣ ಉಪ್ಪಿನ ರುಚಿ ತಾನಾಗಿ ಬಂದಿರುತ್ತದೆ. ಪಕ್ಕದ ಬುಟ್ಟಿಯಲ್ಲಿ ಏಡಿ, ಮಾಂಸ ಬೇಯುತ್ತಿರುತ್ತದೆ, ಮಡಿಯವರು ನೋಡಿಕೊಳ್ಳಿ. ಅದರ ಜೊತೆ ಕೊಡುವ ಸಾಸಿನಲ್ಲೂ ಮೀನು ಇರಬಹುದು. ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಮಗಳಿಗೂ ಒಂದು ಡಬ್ಬಿ ಇರಲಿ.