4294967297 ಅವಿಭಾಜ್ಯ ಅಲ್ಲ ಅಂತ ಕೈಲೆಕ್ಕದಲ್ಲೇ ತೋರಿಸೋದು ಹೇಗೆ? ನನ್ನ ಪ್ರೋಗ್ರಾಂ ಅವಿಭಾಜ್ಯ ಅಂತಿದೆ!

ನಿಮ್ಮ ಪ್ರೋಗ್ರಾಂ ಹೇಳಿದ್ದು ತಪ್ಪು. ಇದು 641 × 6700417.

ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ, ಆದರೆ ಅಷ್ಟರಿಂದಲೂ ಭಾಗಿಸುತ್ತ ಕೂರಬೇಕಿಲ್ಲ. ಸಂಖ್ಯೆಯನ್ನು 2³² + 1 ಅಂತ ಬರೆದುಕೊಳ್ಳಿ. ‘ಪ’ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಂಡರೆ, ‘ಪ’ದಿಂದ ಭಾಗಿಸಿದಾಗ 2³²ರ ಶೇಷ −1 (ಅಂದರೆ ‘ಪ’ದ ಗುಣಕಕ್ಕೆ 1 ಕಡಿಮೆ), ಅದರ ವರ್ಗವಾದ 2⁶⁴ರ ಶೇಷ 1. ಅಂದರೆ 2ರ ಘಾತಗಳ ಶೇಷ ಮೊದಲ ಸಲ 1 ಆಗುವುದು 64ನೇ ಘಾತದಲ್ಲೇ. ಫರ್ಮಾನ ಕಿರು ಪ್ರಮೇಯದಂತೆ (ಪ−1)ನೇ ಘಾತದಲ್ಲೂ ಶೇಷ 1 ಬರುತ್ತದೆ, ಹಾಗಾಗಿ ಪ−1 ಅನ್ನೋದು 64ರ ಗುಣಕ ಆಗಲೇಬೇಕು. ಇದನ್ನು ಫ್ರೆಂಚ್ ಗಣಿತಜ್ಞ ಲೂಕಾ 1878ರಲ್ಲಿ ಇನ್ನೂ ಬಿಗಿ ಮಾಡಿದ: 64 ಅಲ್ಲ, 128ರ ಗುಣಕ.

ಈಗ 128ರ ಗುಣಕಗಳಿಗೆ 1 ಕೂಡಿಸುತ್ತ ಹೋಗಿ: 129, 257, 385, 513, 641. ಇದರಲ್ಲಿ ಅವಿಭಾಜ್ಯ 257 ಮತ್ತು 641 ಮಾತ್ರ. 257ನ್ನು ಭಾಗಿಸದೆಯೇ ಕೈಬಿಡಬಹುದು: 3 × 5 × 17 × 257 × 65537 = 4294967295, ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ, ಆದ್ದರಿಂದ ಶೇಷ 2. ಉಳಿದದ್ದು 641 ಒಂದೇ. ಇಂಥ ಸಂಖ್ಯೆಗಳೆಲ್ಲ (2ರ ಘಾತ 1, 2, 4, 8, 16, 32 ಹೀಗೆ ಇಟ್ಟು 1 ಕೂಡಿಸಿದವು, ಇವೇ ಫರ್ಮಾ ಸಂಖ್ಯೆಗಳು) ಅವಿಭಾಜ್ಯ ಅನ್ನುವ ಫರ್ಮಾನ ನಂಬಿಕೆಯನ್ನು ಆಯ್ಲರ್ 1732ರಲ್ಲಿ ಮುರಿದದ್ದು ಇದರಿಂದಲೇ.

ದೊಡ್ಡ ಭಾಗಾಕಾರವೂ ಬೇಡ ಅಂದರೆ ಹೀಗೆ ಮಾಡಿ. 641 = 5⁴ + 2⁴, ಹಾಗೇ 641 = 5 × 2⁷ + 1. ಎರಡನೆಯದರಿಂದ 5 × 2⁷ರ ಶೇಷ −1, ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1. ಮೊದಲನೆಯದರಿಂದ 5⁴ರ ಜಾಗಕ್ಕೆ −2⁴ ಹಾಕಿ. −2³²ರ ಶೇಷ 1 ಅಂತ ಬಂತು, ಅಂದರೆ 2³² + 1ರ ಶೇಷ ಸೊನ್ನೆ. ಮುಗೀತು. ನನ್ನ ಮಟ್ಟಿಗೆ ಸಂಖ್ಯಾಸಿದ್ಧಾಂತದಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ಕೆಲಸ ಮಾಡುವ ಲೆಕ್ಕ ಕಡಿಮೆ.

6700417 ಅವಿಭಾಜ್ಯವೇ? ಅದರ ವರ್ಗಮೂಲ ಸುಮಾರು 2588. ಅದರ ಭಾಜಕಗಳಿಗೂ ಅದೇ 128ರ ನಿಯಮ. 257 ಬಿಟ್ಟರೆ ಉಳಿಯುವುದು 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆಯಲ್ಲ, ಹಾಗಾಗಿ ಅವಿಭಾಜ್ಯ.

ಇನ್ನು ನಿಮ್ಮ ಪ್ರೋಗ್ರಾಂ. 2ನ್ನು ಆಧಾರವಾಗಿಟ್ಟು 2ರ (ಸಂಖ್ಯೆ−1)ನೇ ಘಾತದ ಶೇಷ 1 ಬಂತು ಅಂತ ಅದು ಅವಿಭಾಜ್ಯ ಅಂದಿರಬೇಕು. ಇಲ್ಲಿ ಸಂಖ್ಯೆ−1 ಅಂದರೆ 2³², ಅದು 64ರ ಗುಣಕ, 2⁶⁴ರ ಶೇಷ 1 ಅಂತ ಮೇಲೇ ನೋಡಿದೆವು. ಸಂಖ್ಯೆ ಒಡೆಯಲಿ ಬಿಡಲಿ, ಉತ್ತರ 1 ಬಂದೇ ಬರುತ್ತದೆ. ಇದಕ್ಕಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಗೆ ಬದಲಾಯಿಸಿದರೂ 2ನ್ನೇ ಇಟ್ಟುಕೊಂಡರೆ ಮೋಸ ಹೋಗುತ್ತೀರಿ. ಆಧಾರ 3 ಇಡಿ. ಫರ್ಮಾ ಸಂಖ್ಯೆಗಳಿಗೆ ಪೆಪಾನ್ ಪರೀಕ್ಷೆಯೇ ಇದೆ: 3ರ (ಸಂಖ್ಯೆ−1)/2ನೇ ಘಾತದ ಶೇಷ −1 ಬಂದರೆ ಮಾತ್ರ ಅವಿಭಾಜ್ಯ. ಇಲ್ಲಿ ಬರುವುದಿಲ್ಲ.

ಸಿ ಭಾಷೆಯಲ್ಲಿ ಬರೆಯುವುದಾದರೆ 64 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕವನ್ನೇ ಬಳಸಿ. 32 ಬಿಟ್‌ನಲ್ಲಿ ಈ ಸಂಖ್ಯೆ ಸುತ್ತಿಬಂದು ಬರೀ 1 ಆಗಿ ಕೂರುತ್ತದೆ.